ಹತ್ತು ಕೋಳಿಯ ಗೂಡು

ನಾನು ಹುಟ್ಟಿದ ಮನೆಯಲ್ಲಿ ಮೊಟ್ಟೆ ಎಂಬ ಮಾತನ್ನೂ ಯಾರೂ ಗಟ್ಟಿಯಾಗಿ ಆಡುತ್ತಿರಲಿಲ್ಲ. ದಾವಣಗೆರೆಯ ಹಳೇ ಪೇಟೆಯಲ್ಲಿ ನಮ್ಮಪ್ಪನದು ಸಣ್ಣ ಬಟ್ಟೆ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಬೆಳಿಗ್ಗೆ ಲಿಂಗಪೂಜೆ ಆಗುವವರೆಗೆ ಬಾಯಿಗೆ ಒಂದು ಗುಟುಕು ನೀರೂ ಹಾಕದ ಮನೆತನ. ಅಂಥ ಮನೆಯ ಹುಡುಗಿ ಗ್ರಾಮಸೇವಿಕೆಯ ತರಬೇತಿ ಮುಗಿಸಿ, ಕೋಳಿ ಸಾಕುವುದು ಹೇಗೆಂದು ಹಳ್ಳಿಯ ಹೆಂಗಸರಿಗೆ ಹೇಳಿಕೊಡುವ ಕೆಲಸ ಹಿಡಿದಳು. ಅವ್ವ ದಿನಾ ಸಂಜೆ ಹಿತ್ತಲ ಬಾಗಿಲಲ್ಲಿ ನನ್ನ ದಾರಿ ಕಾಯುತ್ತಿದ್ದಳು. "ಕೋಳಿ ಮುಟ್ಟಿದ ಕೈ ಅದು. ಹೊರಗೇ ತೊಳಕೊಂಡು ಬಾ. ನೀರಿನ ಕೊಡ ಮುಟ್ಟಬ್ಯಾಡ," ಎನ್ನುತ್ತಿದ್ದಳು. ಅವಳ ಮೇಲೆ ನನಗೆ ಸಿಟ್ಟಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಅಷ್ಟೇ. ನನಗೆ ಇವತ್ತಿಗೂ ಸಿಟ್ಟಿರುವುದು ಗೊತ್ತಿದ್ದೂ ಮಾಡಿದವರ ಮೇಲೆ. ಅವರಲ್ಲಿ ನಾನೂ ಒಬ್ಬಳು.

ಅರವತ್ತರ ದಶಕದ ಮೊದಲ ವರ್ಷಗಳವು. ನನಗೆ ಇಪ್ಪತ್ತೆರಡು ವಯಸ್ಸು, ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ನನಗೆ ವಹಿಸಿದ್ದ ಊರುಗಳಲ್ಲಿ ಒಂದು ಆನಗೋಡಿನಿಂದ ಎರಡು ಮೈಲಿ ಒಳಗಿತ್ತು. ಬಸ್ಸಿನಿಂದ ಆನಗೋಡಿನಲ್ಲಿ ಇಳಿದು, ಹೆಗಲಿಗೆ ಚೀಲ ಹಾಕಿಕೊಂಡು ನಡೆದು ಹೋಗುತ್ತಿದ್ದೆ. ಚೀಲದಲ್ಲಿ ಹೊಲಿಗೆ ಕಲಿಸುವ ಸಾಮಾನು: ಕತ್ತರಿ, ಟೇಪು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ. ಆ ಊರಿನ ಮಹಿಳಾ ಮಂಡಳದಲ್ಲಿ ಒಂಬತ್ತು ಹೆಂಗಸರಿದ್ದರು, ಎಲ್ಲರೂ ಒಕ್ಕಲು ಮನೆಯವರು. ಅವರಿಗೆಲ್ಲ ಹಿರಿಯಳು ಒಬ್ಬ ಅಜ್ಜಿ. ಮೂವತ್ತಕ್ಕೆ ಗಂಡನನ್ನು ಕಳೆದುಕೊಂಡು, ಎರಡು ಎಕರೆ ಜೋಳದ ಹೊಲವನ್ನೂ ಹತ್ತಾರು ನಾಟಿ ಕೋಳಿಗಳನ್ನೂ ಒಬ್ಬಳೇ ನೋಡಿಕೊಂಡವಳು. ಅವಳ ಕೋಳಿಗಳಿಗೆ ಗೂಡೇ ಇರಲಿಲ್ಲ. ಹಗಲೆಲ್ಲ ತಿಪ್ಪೆ ಕೆದರಿ, ಸಂಜೆಗೆ ತಾವೇ ಬಂದು ಸೇರುತ್ತಿದ್ದವು. ಅವನ್ನು ದೊಡ್ಡ ಬಿದಿರು ಬುಟ್ಟಿಯಡಿ ಕವಿಚಿ, ಮೇಲೊಂದು ಕಲ್ಲು ಇಟ್ಟರೆ ಮುಗಿಯಿತು.

ಮಂಡಳದ ಪ್ರತಿಯೊಬ್ಬಳಿಗೂ ಹತ್ತು ಬಿಳಿ ಕೋಳಿ ಮತ್ತು ಒಂದು ಸಿದ್ಧ ಗೂಡು ಕೊಡುವುದೆಂದು ನಮ್ಮ ಕಚೇರಿಯಿಂದ ಆದೇಶ ಬಂತು. ಬಿಳಿ ಕೋಳಿ ಹದ್ದಿನ ಕಣ್ಣಿಗೆ ಬೇಗ ಬೀಳುತ್ತದೆ, ನಾಯಿ ಬಂದರೆ ಓಡಲು ಬಾರದು, ಆದ್ದರಿಂದ ಹಗಲೂ ಗೂಡಿನಲ್ಲೇ ಇಡಬೇಕು ಎಂದು ನಮ್ಮ ಸಾಹೇಬರು ನನಗೆ ಹೇಳಿದ್ದರು. ನಾನು ಹೋಗಿ ಹೆಂಗಸರಿಗೆ ಅದನ್ನೇ ಹೇಳಿದೆ.

ಅಜ್ಜಿ ಕೇಳಿದಳು, "ಹಗಲೆಲ್ಲ ಒಳಗೇ ಇರಬೇಕಂದ್ರೆ ಗೂಡು ಎಷ್ಟು ದೊಡ್ಡದೈತೆ ಅಕ್ಕಾರೆ?"

ನನ್ನ ಹತ್ತಿರ ನಕ್ಷೆ ಇತ್ತು. ಉದ್ದ ನಾಲ್ಕಡಿ, ಅಗಲ ಮೂರಡಿ, ಎತ್ತರ ಮೂರಡಿ. ಮಾಡಿಗೆ ತಗಡು, ತಗಡಿನ ಕೆಳಗೆ ಹಲಗೆ, ಹಲಗೆಯ ಕೆಳಗೆ ಗಾಳಿಗೆ ಒಂದು ಗೇಣು ಸಂದು. ಅಜ್ಜಿಯ ಅಂಗಳದಲ್ಲಿ ಕಡ್ಡಿಯಿಂದ ಗೆರೆ ಎಳೆದು ತೋರಿಸಿದೆ. ಅಜ್ಜಿ ಅದರೊಳಗೆ ಕೂತು, ಕೈ ಅತ್ತಿತ್ತ ಆಡಿಸಿ, "ಆತು ಬಿಡು, ಸಾಕು," ಎಂದಳು.

ಗೂಡುಗಳನ್ನು ಮಾಡಿಸಿ ಕೊಡುವ ಗುತ್ತಿಗೆ ಹಿಡಿದವನು ಹರಿಹರದ ಒಬ್ಬ ಮರದ ವ್ಯಾಪಾರಿ. ನಮ್ಮ ಜನವೇ. ಅಪ್ಪನಿಗೆ ಪರಿಚಯ, ಹಬ್ಬಕ್ಕೆ ನಮ್ಮಂಗಡಿಯಿಂದಲೇ ಬಟ್ಟೆ ಒಯ್ಯುತ್ತಿದ್ದ. ಮಾರ್ಚಿ ತಿಂಗಳ ಕೊನೆಯ ವಾರ ಅವನ ಲಾರಿ ಊರಿನ ಶಾಲೆಯ ಮುಂದೆ ಬಂದು ನಿಂತಿತು. ಹಿಂದೆಯೇ ಜೀಪಿನಲ್ಲಿ ನಮ್ಮ ಸಾಹೇಬರೂ ಆ ಸಾವ್ಕಾರನೂ ಬಂದಿಳಿದರು. ಆಳುಗಳು ಒಂಬತ್ತು ಗೂಡುಗಳನ್ನು ಇಳಿಸಿ ಸಾಲಾಗಿ ಇಟ್ಟರು. ಹೊಸ ಹಸಿರು ಬಣ್ಣ ಬಿಸಿಲಿಗೆ ಹೊಳೆಯುತ್ತಿತ್ತು. ಹೆಂಗಸರು ಗೂಡುಗಳನ್ನೇ ನೋಡುತ್ತ ನಿಂತರು. ಬಣ್ಣ ನೋಡಿ ಬೆರಗಾಗಿದ್ದಾರೆ ಎಂದು ಸಾಹೇಬರು ತಿಳಿದಿರಬೇಕು.

ಅಜ್ಜಿ ಮುಂದೆ ಬಂದಳು. ಒಂದು ಗೂಡಿನ ಮೂಲೆಗೆ ಅಂಗೈ ಒತ್ತಿದಳು. ಗೂಡು ಕುಂಟು ಮಣೆಯ ಹಾಗೆ ಕಟಕಟ ಅಂದಿತು. ಜಾಲರಿಯನ್ನು ಬೆರಳಿಂದ ಎಳೆದಳು. ಎರಡು ಮೊಳೆ ಕಿತ್ತು ಕೈಗೆ ಬಂದವು. ಆಮೇಲೆ ಮಂಡಿಯೂರಿ ಕೂತು ಬಾಗಿಲು ತೆಗೆದು ತಲೆಯನ್ನು ಒಳಗೆ ಹಾಕಿದಳು. ಸ್ವಲ್ಪ ಹೊತ್ತು ಹಾಗೇ ಇದ್ದು, ಹೊರಗೆ ಬಂದು ಸೆರಗಿನಿಂದ ಮುಖ ಒರೆಸಿಕೊಂಡಳು.

"ಉಸಿರಾಡಕೆ ಆಗಂಗಿಲ್ಲ ಒಳಗೆ. ಕಾದ ಹೆಂಚು ಕವಿಚಿದಂಗೈತೆ. ಇದು ಕೋಳಿ ಗೂಡೋ, ಬೆಲ್ಲದ ಪೆಟ್ಟಿಗೆಯೋ?"

ಸಾವ್ಕಾರ ನಕ್ಕ. "ಕೋಳಿ ಏನು ಒಳಗೆ ಕೋಲಾಟ ಆಡ್ತಾವೇನಜ್ಜಿ? ಕುಂತ್ಕಂಡಿರ್ತಾವೆ."

ನಾನು ಚೀಲದಿಂದ ಟೇಪು ತೆಗೆದೆ. ಉದ್ದ ಮೂರಡಿ. ಅಗಲ ಎರಡಡಿ. ಎತ್ತರ ಮುಂದೆ ಒಂದೂವರೆ ಅಡಿ, ಹಿಂದೆ ಅದಕ್ಕೂ ಕಡಿಮೆ. ತಗಡನ್ನು ನೇರ ಚೌಕಟ್ಟಿಗೇ ಹೊಡೆದಿದ್ದರು. ಹಲಗೆಯೂ ಇಲ್ಲ, ಸಂದೂ ಇಲ್ಲ. ಒಂಬತ್ತನ್ನೂ ಅಳೆದೆ. ಒಂಬತ್ತೂ ಅಷ್ಟೇ. ಹತ್ತು ಕೋಳಿಗೆಂದು ಬರೆದಿದ್ದ ಜಾಗದಲ್ಲಿ ಸರಿಯಾಗಿ ಅರ್ಧ ಇತ್ತು. ಸಾಹೇಬರ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ, "ಸರ್, ನಕ್ಷೆಯಲ್ಲಿ ಇರೋದಕ್ಕೂ ಇದಕ್ಕೂ ಹೊಂದಲ್ಲ."

ಸಾಹೇಬರು ಮೈಸೂರು ಕಡೆಯವರು, ಗಟ್ಟಿಯಾಗಿ ಮಾತಾಡುವವರಲ್ಲ. "ಗೊತ್ತಮ್ಮ. ತಿಂಗಳು ಮುಗಿಯೋದರೊಳಗೆ ಮಾಲು ಸೇರಲಿಲ್ಲ ಅಂದ್ರೆ ಮಂಜೂರಾದದ್ದೇ ವಾಪಸು ಹೋಗುತ್ತೆ. ಆಗ ಈ ಹೆಂಗಸರಿಗೆ ಕೋಳಿಯೂ ಇಲ್ಲ, ಗೂಡೂ ಇಲ್ಲ. ನೀನು ಸಹಿ ಹಾಕು. ಆಮೇಲೆ ನೋಡೋಣ," ಎಂದರು.

ಜೀಪಿನ ಬಾನೆಟ್ಟಿನ ಮೇಲೆ ಕಾಗದ ಹರಡಿದ್ದರು. "ಮಾಲು ಅಳತೆ ಪ್ರಕಾರ ಸರಿಯಾಗಿದೆ" ಎಂದು ಮೊದಲೇ ಬರೆದಿತ್ತು. ಅಜ್ಜಿ ನನ್ನನ್ನೇ ನೋಡುತ್ತಿದ್ದಳು. ನನ್ನ ಕೈಯಲ್ಲಿ ಇನ್ನೂ ಟೇಪು ಇತ್ತು. ಅದನ್ನು ಸುತ್ತಿ ಚೀಲಕ್ಕೆ ಹಾಕಿ ಸಹಿ ಮಾಡಿದೆ. ಹೆಂಗಸರಿಗೆ ಅನ್ಯಾಯವಾಗದಿರಲಿ ಎಂದು ಮಾಡಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನೌಕರಿ ಹೋದೀತೆಂದು ಹೆದರಿ ಮಾಡಿದೆ.

ಏಪ್ರಿಲ್‌ನಲ್ಲಿ ಕೋಳಿಗಳು ಬಂದವು. ಸುಣ್ಣ ಬಳಿದಂತೆ ಬಿಳಿ ಮೈ, ಕೆಂಪು ಜುಟ್ಟು. ಹೆಂಗಸರಿಗೆ ಅವುಗಳ ಮೇಲೆ ಆಸೆಯೇನೋ ಹುಟ್ಟಿತು. ಗೂಡಿನ ತಗಡಿನ ಮೇಲೆ ಗೋಣಿ ಹಾಸಿದರು, ಜೋಳದ ಸಪ್ಪೆ ಹೊದಿಸಿದರು, ಮಣ್ಣಿನ ಕುಡಿಕೆಯಲ್ಲಿ ನೀರಿಟ್ಟರು. ಹತ್ತು ಕೋಳಿ ತುಂಬಿದ ಮೇಲೆ ಆ ಕುಡಿಕೆಗೂ ಜಾಗವಿರಲಿಲ್ಲ. ಒಂದು ಹೊರಳಿದರೆ ನೀರು ಚೆಲ್ಲುತ್ತಿತ್ತು. ಜುಟ್ಟು ತಗಡಿಗೆ ತಾಗಿ ತಾಗಿ ಕಪ್ಪಾದವು.

ಮೇ ತಿಂಗಳ ಮೊದಲಲ್ಲಿ ಒಂದು ಮಧ್ಯಾಹ್ನ ನಾನು ಆ ಊರಿಗೆ ಹೋದಾಗ ಅಜ್ಜಿ ಆಗಷ್ಟೇ ಹೊಲದಲ್ಲಿ ಕೂಳೆ ಆರಿಸಿ ಬಂದಿದ್ದಳು. ಗೂಡಿನ ಬಾಗಿಲು ತೆರೆದಿತ್ತು. ಅವಳು ಒಂದೊಂದಾಗಿ ಕೋಳಿಗಳನ್ನು ಹೊರಗೆ ತೆಗೆಯುತ್ತಿದ್ದಳು. ಕೊಕ್ಕು ತೆರೆದಿದ್ದವು, ರೆಕ್ಕೆ ಅಗಲಿಸಿಕೊಂಡಿದ್ದವು. ಆರು ಸತ್ತಿದ್ದವು. ಏಳನೆಯದು ಅವಳ ಕೈಯಲ್ಲೇ ಕತ್ತು ಚೆಲ್ಲಿತು. ಅದನ್ನು ಉಳಿದವುಗಳ ಪಕ್ಕ ಮಲಗಿಸಿ ಅವಳು ನನ್ನ ಕಡೆ ತಿರುಗಿದಳು.

"ನೀವು ಟೇಪು ಹಿಡಿದು ಅಳೆದ್ರಲ್ಲ ಅಕ್ಕಾರೆ. ನನಗೆ ಓದು ಬರಲ್ಲ, ನಿಮಗೆ ಬರ್ತೈತೆ. ನಿಮಗೆ ಗೊತ್ತಿತ್ತಲ್ಲ."

ನಾನು ಉಸಿರಿದ್ದ ಮೂರನ್ನು ಎತ್ತಿ ಗೋಡೆಯ ನೆರಳಿಗೆ ಒಯ್ದೆ.

ಆ ವಾರ ಒಂಬತ್ತು ಮನೆಗಳಲ್ಲಿ ಮೂವತ್ತೊಂದು ಕೋಳಿ ಸತ್ತವು. ಸಾಹೇಬರು ಜೀಪಿನಲ್ಲಿ ಬಂದರು, ಗೂಡುಗಳ ಹತ್ತಿರಕ್ಕೂ ಹೋಗಲಿಲ್ಲ. ಶಾಲೆಯ ಜಗುಲಿಯಲ್ಲಿ ಕೂತು ವರದಿ ಬರೆದರು. ನಾನು ಪಕ್ಕದಲ್ಲಿ ನಿಂತು ಓದಿದೆ. "ಫಲಾನುಭವಿ ಮಹಿಳೆಯರ ಅಜಾಗರೂಕತೆಯಿಂದ, ಸಕಾಲಕ್ಕೆ ನೀರು ಒದಗಿಸದ ಕಾರಣ" ಎಂದಿತ್ತು.

"ಸರ್, ನೀರಿಟ್ಟಿದ್ರು. ನಾನೇ ನೋಡಿದೀನಿ. ಸತ್ತದ್ದು ಗೂಡಿನಿಂದ."

"ಗೂಡು ಸರಿಯಾಗಿದೆ ಅಂತ ಬರೆದುಕೊಟ್ಟಿರೋಳು ನೀನೇ ಅಲ್ವೇನಮ್ಮ?" ಎಂದು ಅವರು ಪೆನ್ನಿನ ಮುಚ್ಚಳ ಹಾಕಿದರು. "ನಿನ್ನ ಡೈರಿಯಲ್ಲೂ ಇದೇ ರೀತಿ ಬರೆದುಬಿಡು. ನಿನಗೇ ಒಳ್ಳೇದು."

ಅವತ್ತು ನನಗೆ ಬಂದ ಸಿಟ್ಟು ಹಿಂದೆ ಯಾವತ್ತೂ ಬಂದಿರಲಿಲ್ಲ. ಕೊಂದವರು ಯಾರು, ಅಪವಾದ ಯಾರ ತಲೆಗೆ! ಆ ಹೆಂಗಸರು ಮುಕ್ಕಾಲು ಮೈಲಿಯಿಂದ ತಲೆಯ ಮೇಲೆ ನೀರು ಹೊತ್ತು ತಂದು ಕೋಳಿಗೆ ಕುಡಿಸಿದವರು. ಅವರಿಗೆ ನೀರಿಡಲು ಬರಲಿಲ್ಲ ಎಂದು ನೆರಳಲ್ಲಿ ಕೂತು ಬರೆದರು.

ನೇರ ಅಜ್ಜಿಯ ಮನೆಗೆ ಹೋದೆ. "ನಾಳೆ ನನ್ನ ಜೊತೆ ಹರಿಹರಕ್ಕೆ ಬರ್ತೀಯೇನಜ್ಜಿ? ಆ ಗೂಡು ಎಲ್ಲಿ ಮಾಡ್ತಾರೋ ನೋಡಿ ಬರೋಣ," ಎಂದೆ.

ಅಜ್ಜಿ ಯೋಚಿಸಲಿಲ್ಲ. "ಉಳಿದಾವಲ್ಲ ಮೂರು, ಅದರಾಗೆ ಒಂದು ತರ್ತೀನಿ. ಕೋಳಿ ಇಲ್ಲದೆ ಕೋಳಿ ಮಾತು ಯಾಕ?"

ಮರುದಿನ ನಾವಿಬ್ಬರೂ, ಬುಟ್ಟಿಯಲ್ಲಿ ಒಂದು ಬಿಳಿ ಕೋಳಿಯೂ, ದಾವಣಗೆರೆಗೆ ಬಂದು ಅಲ್ಲಿಂದ ಹರಿಹರದ ಬಸ್ಸು ಹತ್ತಿದೆವು. ಬುಟ್ಟಿ ನನ್ನ ತೊಡೆಯ ಮೇಲಿತ್ತು. ನಮ್ಮ ಬೀದಿಯವರೊಬ್ಬರು ಅದೇ ಬಸ್ಸಿನಲ್ಲಿದ್ದರು. ಅವರು ಬುಟ್ಟಿ ನೋಡಿ, ನನ್ನ ಹಣೆಯ ವಿಭೂತಿ ನೋಡಿ, ಮುಖ ತಿರುಗಿಸಿ ಕೂತರು. ನನಗೆ ಅದೂ ಒಂದು ಹಟವಾಯಿತು. ಬುಟ್ಟಿಯನ್ನು ಇನ್ನಷ್ಟು ಮುಂದಕ್ಕೆ ಇಟ್ಟುಕೊಂಡೆ.

ಸಾವ್ಕಾರನ ಸಾಮಿಲ್ಲು ಹೊಳೆಯ ಕಡೆಗೆ ಹೋಗುವ ದಾರಿಯಲ್ಲಿತ್ತು. ಅಂಗಳದಲ್ಲಿ ಮರದ ಹೊಟ್ಟಿನ ಗುಡ್ಡೆ, ಅದರಾಚೆ ಹಸಿರು ಬಣ್ಣದ ಗೂಡುಗಳ ಸಾಲು. ಇಪ್ಪತ್ತಕ್ಕೂ ಹೆಚ್ಚಿದ್ದವು. ಮಲೆಬೆನ್ನೂರು ಕಡೆಯ ಹಳ್ಳಿಗಳಿಗೆ ಹೋಗುವ ಮಾಲಂತೆ. ಸಾವ್ಕಾರ ಇರಲಿಲ್ಲ. ವಯಸ್ಸಾದ ಒಬ್ಬ ಆಚಾರ್ರು ತಗಡು ಹೊಡೆಯದ ಒಂದು ಗೂಡಿನ ಮುಂದೆ ಕೂತು ಮೊಳೆ ಬಡಿಯುತ್ತಿದ್ದರು.

ಬಂದ ಕಾರಣ ಹೇಳಿದೆ. ಮೂವತ್ತೊಂದು ಕೋಳಿ ಎಂದಾಗ ಆಚಾರ್ರು ಸುತ್ತಿಗೆ ಕೆಳಗಿಟ್ಟರು.

"ನಮಗೆ ಕೊಟ್ಟ ಅಳತೆಗೆ ನಾವು ಮಾಡ್ತೀವ್ರಿ," ಎಂದು ಕಿವಿಯ ಹಿಂದಿದ್ದ ಪೆನ್ಸಿಲನ್ನು ತೆಗೆದು ಗೋಡೆಯ ಕಡೆ ತೋರಿಸಿದರು. ಅಲ್ಲಿ ಸಾವ್ಕಾರನ ಕೈಬರಹದ ಚೀಟಿ ಅಂಟಿಸಿತ್ತು. ಮೂರಡಿ, ಎರಡಡಿ, ಒಂದೂವರೆ ಅಡಿ. "ನಾಲ್ಕಡಿ ನಕ್ಷೆ ನಾ ಕಣ್ಣಲ್ಲೇ ನೋಡಿಲ್ಲ. ಇದು ಕೋಳಿಗೆ ಸಾಲಲ್ಲ ಅಂತ ನಾ ಹೇಳಿದ್ದೆ. ನೀ ಬಡಗೀನೋ, ಕೋಳಿ ಡಾಕ್ಟರೋ ಅಂದ್ರು. ಸುಮ್ನಾದೆ."

ಅವರೂ ಸುಮ್ಮನಾದವರು. ಆದರೆ ಅವರು ಹೇಳಿಯಾದರೂ ಸುಮ್ಮನಾಗಿದ್ದರು. ಗೂಡು ನೋಡುವುದು ಹೇಗೆಂದು ಆಮೇಲೆ ಅವರೇ ನನಗೆ ತೋರಿಸಿದರು. "ಬಣ್ಣ ನೋಡಬ್ಯಾಡ್ರಿ. ಬಣ್ಣ ಹಚ್ಚೋದೇ ಕೆಟ್ಟ ಹಲಗೆ ಮುಚ್ಚಾಕೆ," ಎಂದು ಬೆರಳ ಗೆಣ್ಣಿನಿಂದ ಹಲಗೆ ತಟ್ಟಿದರು. ಹಸಿ ಮರ, ಮೊದ್ದು ಸದ್ದು. ಆ ಮರ ಬೇಸಿಗೆಗೆ ಒಣಗಿ ಸೀಳುತ್ತದೆ, ಸೀಳಿದಲ್ಲಿ ಹಾವು ನುಗ್ಗುತ್ತದೆ. ಒಂದು ಮೂಲೆ ಹಿಡಿದು ಇಡೀ ಗೂಡನ್ನು ಎತ್ತಿಸಿದರು. ಎತ್ತಿದಾಗ ಬಾಗಿಲು ತಾನೇ ತೆರೆದುಕೊಂಡರೆ ಚೌಕಟ್ಟಿಗೆ ಬಲವಿಲ್ಲ. ಅಲ್ಲಿದ್ದ ಎಲ್ಲವೂ ತೆರೆದುಕೊಂಡವು. ಜಾಲರಿಯ ಕಣ್ಣಿನೊಳಗೆ ನನ್ನ ಹೆಬ್ಬೆರಳು ಹಾಕಿಸಿದರು. ಸಲೀಸಾಗಿ ಹೋಯಿತು. "ಹೆಬ್ಬೆರಳು ಹೋದ್ರೆ ಮುಂಗುಸಿ ಪಂಜೂ ಹೋಗ್ತೈತ್ರಿ."

ಅಷ್ಟರಲ್ಲಿ ಸಾವ್ಕಾರ ಸೈಕಲ್ ರಿಕ್ಷಾದಿಂದ ಇಳಿದು ಬಂದ. ನನ್ನನ್ನು ನೋಡಿ ಮುಖ ಅರಳಿಸಿದ.

"ಬಾ ತಂಗಿ, ಬಾ. ಅಪ್ಪ ಆರಾಮೇನು? ಕೂಡ್ರಿ, ಸೋಡಾ ತರಿಸ್ತೀನಿ."

"ಸೋಡಾ ಬ್ಯಾಡ್ರಿ. ನಕ್ಷೆಯಲ್ಲಿ ನಾಲ್ಕಡಿ ಇತ್ತು. ನಿಮ್ಮ ಚೀಟಿಯಲ್ಲಿ ಮೂರಡಿ ಯಾಕೈತೆ?"

ಅವನ ಮುಖ ಇಳಿಯಲಿಲ್ಲ, ದನಿ ಮಾತ್ರ ತಗ್ಗಿತು. "ಮೊಟ್ಟೆ ಮುಟ್ಟದ ಮನೆಯ ಹುಡುಗಿ ನೀನು. ಕೋಳಿಗೆ ಎಷ್ಟು ಜಾಗ ಬೇಕು ಅಂತ ನಿನಗೇನು ಗೊತ್ತು? ಹತ್ತು ಕೋಳಿ ಆರಾಮಾಗಿ ಹಿಡಿತಾವೆ ಅದರಾಗೆ."

ನಾನು ಮಾತು ಬೆಳೆಸಲಿಲ್ಲ. ಅಜ್ಜಿಯ ಬುಟ್ಟಿಯಿಂದ ಕೋಳಿ ತೆಗೆದು, ತಗಡು ಹೊಡೆಯದ ಆ ಗೂಡಿನ ಮೂಲೆಯಲ್ಲಿ ಕೂರಿಸಿದೆ. ಅಜ್ಜಿ ಬೆನ್ನ ಮೇಲೆ ಕೈಯಿಟ್ಟು ಹಿಡಿದಳು. ನಾನು ಸೀಮೆಸುಣ್ಣದಿಂದ ಅದರ ಸುತ್ತ ಗೆರೆ ಎಳೆದೆ. ಕೋಳಿಯನ್ನು ಪಕ್ಕಕ್ಕೆ ಸರಿಸಿ ಮತ್ತೊಂದು ಗೆರೆ. ಮತ್ತೊಂದು. ಕೆಲಸದ ಆಳುಗಳೆಲ್ಲ ಗರಗಸ ನಿಲ್ಲಿಸಿ ಸುತ್ತ ನಿಂತರು. ಏಳನೆಯ ಗೆರೆಗೆ ನೆಲ ತುಂಬಿತು. ಎಂಟನೆಯದು ಬಾಗಿಲ ಚೌಕಟ್ಟಿನ ಮೇಲೆ ಹತ್ತಿತು. ಕೋಳಿ ಎದ್ದು ನಿಂತಾಗ ಅದರ ಜುಟ್ಟು ತಗಡು ಬರಬೇಕಾದ ಮಟ್ಟಕ್ಕಿಂತ ಮೇಲಿತ್ತು.

ಅಜ್ಜಿ ಸಾವ್ಕಾರನಿಗೆ ಹೇಳಿದಳು, "ಎಣಿಸ್ರಿ. ಇನ್ನ ಮೂರು ಕೋಳಿ ಎಲ್ಲಿ ಕುಂದ್ರಿಸಲಿ? ನಿಮ್ಮ ತಲೆ ಮೇಲೆ ಕುಂದ್ರಿಸಲೇನು?"

ಒಬ್ಬ ಆಳು ಕಿಸಕ್ಕೆಂದ. ಸಾವ್ಕಾರನಿಗೆ ಆಗ ಸಿಟ್ಟು ಬಂತು. ಕೋಳಿ ಸತ್ತದ್ದಕ್ಕಲ್ಲ, ತನ್ನ ಆಳು ನಕ್ಕಿದ್ದಕ್ಕೆ. "ಹೆಣ್ಣುಮಕ್ಕಳು ಅಂತ ಬಿಟ್ಟೀನಿ. ನಡೀರಿ ಹೊರಗೆ," ಎಂದ. "ನಿಮ್ಮಪ್ಪನ ಹತ್ರ ಮಾತಾಡ್ತೀನಿ."

ಮಾತಾಡಿದ. ಸಂಜೆ ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಅಪ್ಪ ಅಂಗಡಿಯ ಗಾದಿಯಿಂದ ಎದ್ದು ಒಳಗೆ ಬಂದ. "ಪ್ಯಾಟಿ ತುಂಬ ಕೋಳಿ ಹಿಡ್ಕಂಡು ತಿರುಗಿದ್ಯಂತೆ. ನಾ ಹೆಂಗೆ ತಲೆ ಎತ್ಲಿ? ನಾಳೆನೇ ಹೋಗಿ ಅವರ ಹತ್ರ ತಪ್ಪಾತು ಅಂದು ಬಾ."

"ತಪ್ಪು ಮಾಡಿದೋರು ಅವರು," ಎಂದೆ.

"ಅವರ ತಪ್ಪು ಅವರ ಮನೆಗೆ. ನಿನ್ನದನ್ನ ನೋಡ್ಕ."

ನನ್ನದನ್ನೇ ನೋಡಿಕೊಂಡೆ. ಮರುದಿನ ಮೇಲಿನ ಅಧಿಕಾರಿಗೆ ಪತ್ರ ಬರೆದೆ. ನಕ್ಷೆಯ ಅಳತೆ, ಗೂಡಿನ ಅಳತೆ, ಸತ್ತ ಕೋಳಿ ಎಷ್ಟು, ಹೆಂಗಸರು ನೀರಿಟ್ಟಿದ್ದನ್ನು ನಾನು ನೋಡಿದ್ದು, ಎಲ್ಲ ಬರೆದೆ. ಕೊನೆಗೆ, ಮಾಲು ಸರಿಯಾಗಿದೆ ಎಂದು ನಾನು ಹಾಕಿದ ಸಹಿ ಸುಳ್ಳು, ಹೆದರಿ ಹಾಕಿದ್ದು ಎಂದೂ ಸೇರಿಸಿದೆ. ಅವತ್ತು ಜೀಪಿನ ಮುಂದೆಯೇ ಇದನ್ನು ಬರೆದಿದ್ದರೆ ಚೆನ್ನಾಗಿತ್ತು.

ತಿಂಗಳ ಮೇಲೆ ಮೇಲಿನ ಕಚೇರಿಯಿಂದ ಒಬ್ಬರು ಬಂದು ಅಳೆದು ಹೋದರು. ಮಲೆಬೆನ್ನೂರಿನ ಮಾಲು ನಿಂತಿತು. ಸಾವ್ಕಾರ ಎರಡೆರಡು ಗೂಡುಗಳ ನಡುವಿನ ಹಲಗೆ ಕಿತ್ತು, ಜೋಡಿಸಿ ಒಂದು ಮಾಡಿ, ಎತ್ತರಕ್ಕೆ ಮರದ ರೀಪು ಪಟ್ಟಿ ಬಡಿಸಿ ಕೊಟ್ಟ. ಅಜ್ಜಿಯ ಊರಿನ ಹೆಂಗಸರಿಗೂ ಹಾಗೇ ಒಂಬತ್ತು ಬಂದವು. ಆ ಹೊತ್ತಿಗೆ, ಉಳಿದವೂ ಸತ್ತಾವೆಂದು ಮಾರಿಬಿಟ್ಟು, ಹೆಚ್ಚಿನವರ ಮನೆಯಲ್ಲಿ ಬಿಳಿ ಕೋಳಿಯೇ ಉಳಿದಿರಲಿಲ್ಲ. ಸತ್ತವಕ್ಕೆ ಬದಲು ಕೊಡಲು ನಿಯಮವಿಲ್ಲ ಎಂದರು. ಅಜಾಗರೂಕತೆಯ ವರದಿಯನ್ನು ತೆಗೆಸಿ ಎಂದು ಎರಡು ಸಲ ಬರೆದೆ. ಒಮ್ಮೆ ಕಡತಕ್ಕೆ ಸೇರಿದ ಕಾಗದ ತೆಗೆಯಲು ಬರುವುದಿಲ್ಲ ಎಂಬ ಉತ್ತರ ಬಂತು. ಸುಳ್ಳು ಸೇರಿಸಲು ಬರುತ್ತದೆ, ತೆಗೆಯಲು ಬರುವುದಿಲ್ಲ. ಸಾಹೇಬರಿಗೆ ಏನೂ ಆಗಲಿಲ್ಲ. ನನಗೆ ವರ್ಗವಾಯಿತು, ರೈಲಿನಲ್ಲಿ ಒಂದು ಹಗಲಿಡೀ ದಾರಿಯ ಊರಿಗೆ.

ಹೊರಡುವ ಮುನ್ನ ಆನಗೋಡಿನಲ್ಲಿ ಇಳಿದು ಅಜ್ಜಿಯನ್ನು ನೋಡಲು ಹೋದೆ. ಜೋಡಿಸಿದ ಹೊಸ ಗೂಡು ಅವಳ ಹಿತ್ತಲಲ್ಲಿತ್ತು. ಅದರ ತುಂಬ ಒಣಗಿದ ಸಗಣಿ ಕುಳ್ಳು ಒಟ್ಟಿದ್ದಳು. ನಾಟಿ ಕೋಳಿಗಳು ಮೊದಲಿನಂತೆ ತಿಪ್ಪೆಯಲ್ಲಿ ಕೆದರುತ್ತಿದ್ದವು.

"ಕುಳ್ಳು ಮಳೆಗೆ ನೆನೆಯಲ್ಲ ನೋಡ್ರಿ," ಎಂದಳು. ನಗಲಿಲ್ಲ. ಒಳಗೆ ಹೋಗಿ ನನಗೆಂದು ರೊಟ್ಟಿ, ಪುಂಡಿ ಪಲ್ಯ ತಂದಳು. ಉಣ್ಣುತ್ತಾ, "ಅಜ್ಜಿ, ನನ್ನಿಂದ ತಪ್ಪಾತು," ಎಂದೆ. ಅವಳು "ಹೂಂ" ಎಂದಳಷ್ಟೇ. ಇಲ್ಲ ಬಿಡವ್ವ ಎಂದು ಅವಳು ಹೇಳಿಯಾಳು ಎಂದು ಕಾದೆ. ಹೇಳಲಿಲ್ಲ. ಇನ್ನೊಂದು ರೊಟ್ಟಿ ಹಾಕಿದಳು.

ಏಳೆಂಟು ವರ್ಷದ ಮೇಲೆ ಒಂದು ಮದುವೆಗೆಂದು ದಾವಣಗೆರೆಗೆ ಬಂದಿದ್ದೆ. ಹೆಣ್ಣಿನ ಕಡೆಯ ಹಿರಿಯನಾಗಿ ಆ ಸಾವ್ಕಾರ ಊಟದ ಪಂಕ್ತಿಯ ನಡುವೆ ಕೈ ಮುಗಿದು ಓಡಾಡುತ್ತಿದ್ದ. ನನ್ನ ಮುಂದೆ ನಿಂತ. ಬಿಳಿ ರುಮಾಲು, ಹಣೆ ತುಂಬ ವಿಭೂತಿ.

"ನೋಡ್ರಿ, ನಮ್ಮ ಕೋಳಿ ಇನ್ಸ್‌ಪೆಕ್ಟರಮ್ಮ ಬಂದಾರೆ!" ಎಂದ, ಎಲ್ಲರಿಗೂ ಕೇಳುವಂತೆ. "ಎಲೆ ಅಳತೆ ಸರಿ ಐತೇನವ್ವ? ಟೇಪು ತಂದೀಯೇನು?"

ಪಂಕ್ತಿ ನಕ್ಕಿತು. ಎದುರು ಸಾಲಿನಲ್ಲಿ ಕೂತಿದ್ದ ಅಪ್ಪನೂ ನಕ್ಕ.

"ಎಲೆ ಸರಿ ಐತ್ರಿ," ಎಂದೆ. "ನಿಮ್ಮ ಗೂಡು ಸರಿ ಇರಲಿಲ್ಲ. ಮೂವತ್ತೊಂದು ಕೋಳಿ ಅದರಾಗೆ ಬೆಂದು ಸತ್ತವು. ನಗೋ ಮಾತಲ್ಲ ಅದು."

ನಗು ನಿಂತಿತು. ಅವನು ಈಗಲಾದರೂ ತಲೆ ತಗ್ಗಿಸಿಯಾನು ಎಂದುಕೊಂಡೆ. ಪಕ್ಕದಲ್ಲಿದ್ದ ಹೆಂಗಸು ನನ್ನ ತೋಳು ಮುಟ್ಟಿ, "ಊಟದ ಮುಂದೆ ಅಂಥ ಮಾತು ಯಾಕವ್ವ? ಎಲೆ ಮೇಲೆ ಅನ್ನ ಐತೆ," ಎಂದಳು. ಆಚೆಯವಳು ಮೂಗಿಗೆ ಸೆರಗು ಹಿಡಿದಳು. ಇನ್ನೊಬ್ಬರು ಶಿವಶಿವಾ ಎಂದರು. ಇಡೀ ಪಂಕ್ತಿಗೆ ಹೇಸಿಗೆಯಾದದ್ದು ನನ್ನ ಮಾತಿನಿಂದ. ಸಾವ್ಕಾರ ಎಲ್ಲರಿಗೂ ಕೈ ಮುಗಿದು, "ಇರಲಿ ಬಿಡ್ರಿ, ಹುಡುಗಿ, ತಿಳಿಯಲ್ಲ. ನಿಧಾನಕ್ಕೆ ಊಟ ಮಾಡ್ರಿ," ಎಂದು ಮುಂದಕ್ಕೆ ಹೋದ.

ನಾನು ಎಲೆ ಮಡಚಿ ಎದ್ದೆ. ಹೋಳಿಗೆ ಇನ್ನೂ ಬಡಿಸಿರಲಿಲ್ಲ.